ಮಗನ ಹೃದಯದ ಗೋಡೆ ದಪ್ಪ ಅಂದಿದ್ದಾರೆ, ಕಬಡ್ಡಿ ಬಿಡಿಸಬೇಕಾ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆಯಲ್ಲಿ ಮುಳಬಾಗಿಲು ಹತ್ತಿರದ ಹಳ್ಳಿ. ಮಗನಿಗೆ 17 ವರ್ಷ, ಪಿಯುಸಿ ಓದುತ್ತಿದ್ದಾನೆ. ಕಾಲೇಜಿನ ಕಬಡ್ಡಿ ಟೀಮಿನಲ್ಲಿ ರೈಡರ್. ಹೋದ ತಿಂಗಳು ಆಟದ ಮಧ್ಯೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ತಿಂಡಿ ತಿಂದಿರಲಿಲ್ಲ, ಅದಕ್ಕೇ ಅಂದ. ಆದರೂ ಎಕೋ ಮಾಡಿಸಿದೆವು. ಹೃದಯದ ಗೋಡೆ 18 ಮಿ.ಮೀ. ಇದೆ, ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ವಂಶದಲ್ಲಿ ಬರುವ ಕಾಯಿಲೆ, ಇನ್ನು ಆಟ ಓಟ ಏನೂ ಬೇಡ ಅಂದರು. ನನ್ನ ತಮ್ಮ 31ನೇ ವಯಸ್ಸಿಗೆ ತೋಟದಲ್ಲಿ ಕುಸಿದು ತೀರಿಕೊಂಡಿದ್ದ. ಹಾರ್ಟ್ ಅಟ್ಯಾಕ್ ಅಂದಿದ್ದರು. ಪೊಲೀಸ್ ಆಗಬೇಕು ಅಂತ ದಿನಾ ಬೆಳಿಗ್ಗೆ ಓಡುತ್ತಿದ್ದ ಮಗ ಈಗ ಯಾರ ಹತ್ತಿರವೂ ಮಾತಾಡುತ್ತಿಲ್ಲ. ನಿಜವಾಗಲೂ ಎಲ್ಲ ಬಿಡಿಸಬೇಕಾ? ಚಿಕ್ಕವಳು ಶಾಲೆಯಲ್ಲಿ ಖೋ ಖೋ ಆಡುತ್ತಾಳೆ, ಅವಳ ಗತಿ ಏನು? ನಮ್ಮದು ಸಂಬಂಧದಲ್ಲೇ ಆದ ಮದುವೆ, ಅದಕ್ಕೇ ಹೀಗಾಯ್ತಾ?
– ಒಬ್ಬ ತಾಯಿ

ಉತ್ತರ: ಅಮ್ಮಾ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕಬಡ್ಡಿ ಮತ್ತು ಬೆಳಗಿನ ಓಟ ಎರಡನ್ನೂ ಈಗ ನಿಲ್ಲಿಸಿ. ಆದರೆ ಇದು ಸದ್ಯಕ್ಕೆ ಮಾತ್ರ. ಇನ್ನೂ ಕೆಲವು ಪರೀಕ್ಷೆ ಬಾಕಿ ಇವೆ. ಅವು ಬಂದ ಮೇಲೆ ಮಗನನ್ನೂ ಕೂರಿಸಿಕೊಂಡು ಮತ್ತೆ ಮಾತಾಡಬೇಕು. ಜೀವನಪೂರ್ತಿ ಏನೂ ಮಾಡಬೇಡ ಅನ್ನುವ ತೀರ್ಪನ್ನು ಒಂದೇ ಒಂದು ಎಕೋ ನೋಡಿ ಕೊಡಲು ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಯೋಚನೆ ತಂದಿದ್ದು ಆ ಕಣ್ಣು ಕತ್ತಲೆಯ ವಿಷಯ. ಶಾಲೆಯ ಪ್ರಾರ್ಥನೆಯಲ್ಲಿ ಬಿಸಿಲಿಗೆ ನಿಂತು ನಿಂತು ತಲೆಸುತ್ತಿ ಬೀಳುವ ಮಕ್ಕಳು ಬೇಕಾದಷ್ಟು. ಅದು ಹೆಚ್ಚಾಗಿ ಭಯಪಡುವಂಥದ್ದಲ್ಲ. ಓಡುತ್ತಾ ಓಡುತ್ತಾ, ಆಡುತ್ತಾ ಆಡುತ್ತಾ ಕಣ್ಣು ಕತ್ತಲೆ ಬಂದರೆ ಲೆಕ್ಕವೇ ಬೇರೆ. ಆಗ ಹೃದಯದ ಬಡಿತ ದಾರಿ ತಪ್ಪಿರಬಹುದು, ಇಲ್ಲವೇ ಮೆದುಳಿಗೆ ರಕ್ತ ಸಾಲದೆ ಹೋಗಿರಬಹುದು. ತಿಂಡಿ ತಿಂದಿರಲಿಲ್ಲ ಅನ್ನುವುದು ನಿಜವೇ ಇರಬಹುದು. ಆದರೆ 18 ಮಿ.ಮೀ. ಗೋಡೆ ಇರುವ ಹುಡುಗನ ವಿಷಯದಲ್ಲಿ ಆ ಕಾರಣವನ್ನು ನಾನು ಕೊನೆಗೆ ಒಪ್ಪುತ್ತೇನೆ, ಮೊದಲಿಗೆ ಅಲ್ಲ. ಅವನೊಬ್ಬನನ್ನೇ ಅಲ್ಲ, ಪಕ್ಕದಲ್ಲಿ ಆಡುತ್ತಿದ್ದ ಹುಡುಗರನ್ನೂ ಕೇಳಿ. ಎದೆ ಡವಡವ ಅಂದಿತ್ತಾ? ಪೂರ್ತಿ ಪ್ರಜ್ಞೆ ತಪ್ಪಿತ್ತಾ? ಎಷ್ಟು ಹೊತ್ತು? ಆಟ ಬಿಡಿಸುತ್ತಾರೆ ಅಂತ ಹುಡುಗರು ಇಂಥದ್ದನ್ನು ಮುಚ್ಚಿಡುತ್ತಾರೆ.

ಈಗ ಕಾಯಿಲೆಯ ಬಗ್ಗೆ. ಹೃದಯದ ಗೋಡೆ ಸಾಮಾನ್ಯವಾಗಿ 11–12 ಮಿ.ಮೀ. ಒಳಗೇ ಇರುತ್ತದೆ. ವರ್ಷಗಟ್ಟಲೆ ಕಠಿಣ ತಾಲೀಮು ಮಾಡಿದ ಆಟಗಾರರಲ್ಲಿ ಸ್ವಲ್ಪ ದಪ್ಪ ಆಗುವುದುಂಟು. 13ರಿಂದ 15 ಇದ್ದಾಗ ಇದು ಆಟದಿಂದ ಬಂದ ದಪ್ಪವೋ ಕಾಯಿಲೆಯೋ ಅಂತ ನಾವೇ ತಲೆ ಕೆಡಿಸಿಕೊಳ್ಳುತ್ತೇವೆ. ಆಗ ಕೆಲವು ತಿಂಗಳು ತಾಲೀಮು ನಿಲ್ಲಿಸಿ ಮತ್ತೆ ಎಕೋ ಮಾಡಿದರೆ ಗೊತ್ತಾಗುತ್ತದೆ, ಆಟದ ದಪ್ಪ ಇಳಿಯುತ್ತದೆ. 18 ಮಿ.ಮೀ., ಜೊತೆಗೆ ಮನೆಯಲ್ಲಿ ಚಿಕ್ಕ ವಯಸ್ಸಿನ ಸಾವು ಅಂದರೆ ಆ ಗೊಂದಲಕ್ಕೆ ಜಾಗ ಕಡಿಮೆ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಅಪರೂಪದ ಕಾಯಿಲೆಯೂ ಅಲ್ಲ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ, ಪೂರ್ತಿ ಆಯಸ್ಸು ಬದುಕುತ್ತಾರೆ.

ತೊಂದರೆ ಬರೀ ದಪ್ಪದಿಂದಲ್ಲ. ಸರಿಯಾಗಿ ಜೋಡಿಸಿ ಒಟ್ಟಿದ ರಾಗಿ ಹುಲ್ಲಿನ ಬಣವೆಯಂತೆ ಇರಬೇಕಾದ ಸ್ನಾಯುವಿನ ಎಳೆಗಳು ಇಲ್ಲಿ ಹೇಗೆಂದರೆ ಹಾಗೆ ಎಸೆದ ಹುಲ್ಲಿನಂತೆ ಅಡ್ಡಾದಿಡ್ಡಿ ಇರುತ್ತವೆ. ನಡುನಡುವೆ ಗಾಯದ ಕಲೆಯೂ ಆಗುತ್ತದೆ. ಬಡಿತದ ಕರೆಂಟು ಇಂಥ ಕಡೆ ಸಿಕ್ಕಿಕೊಂಡು ಸುತ್ತತೊಡಗಿದರೆ ಹೃದಯ ಬಡಿಯುವುದನ್ನು ಬಿಟ್ಟು ಬರೀ ನಡುಗುತ್ತದೆ. ಇದು ಕಾರ್ಡಿಯಾಕ್ ಅರೆಸ್ಟ್. ಹಾರ್ಟ್ ಅಟ್ಯಾಕ್ ಅಂದರೆ ರಕ್ತನಾಳ ಕಟ್ಟಿಕೊಳ್ಳುವುದು. 35 ದಾಟಿದವರು ಆಟದಲ್ಲೋ ಜಿಮ್‌ನಲ್ಲೋ ಕುಸಿದರೆ ಹೆಚ್ಚಾಗಿ ಅಟ್ಯಾಕೇ ಕಾರಣ. ಅದಕ್ಕಿಂತ ಚಿಕ್ಕವರಲ್ಲಿ ಹುಟ್ಟಿನಿಂದ ಬಂದ, ವಂಶದಿಂದ ಬಂದ ಕಾಯಿಲೆಗಳನ್ನೂ ಹುಡುಕಲೇಬೇಕು. ನಮ್ಮ ಕಡೆ ಯಾರು ದಿಢೀರ್ ಸತ್ತರೂ ಹಾರ್ಟ್ ಅಟ್ಯಾಕ್ ಅಂತಲೇ ಹೇಳಿ ಮಣ್ಣು ಮಾಡಿಬಿಡುತ್ತಾರೆ. ಪೋಸ್ಟ್‌ಮಾರ್ಟಂ ಇಲ್ಲ. ನಿಮ್ಮ ತಮ್ಮನದು ನಿಜವಾಗಿ ಏನಾಗಿತ್ತು ಅಂತ ಈಗ ಯಾರೂ ಹೇಳಲಾರರು. ಆದರೆ ಮಗನ ಎಕೋ ನೋಡಿದ ಮೇಲೆ ನಾನು ಅದನ್ನು ಇದೇ ಕಾಯಿಲೆ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಹಾಗಾದರೆ ಆಟ? ಇಲ್ಲಿ ಕಳೆದ ಕೆಲವು ವರ್ಷಗಳಲ್ಲಿ ವೈದ್ಯರ ಮಾತೇ ಬದಲಾಗಿದೆ. 2005ರಲ್ಲಿ ಅಮೆರಿಕದ ತಜ್ಞರು ಮಾಡಿದ ಶಿಫಾರಸು ಬಹಳ ಬಿಗಿಯಾಗಿತ್ತು. ಈ ಕಾಯಿಲೆ ಇದ್ದವರು ಸ್ಪರ್ಧೆಯ ಆಟ ಆಡಬಾರದು, ಆಡಿದರೆ ಬಿಲಿಯರ್ಡ್ಸ್, ಗಾಲ್ಫ್‌ನಂಥ ಹಗುರದ ಆಟ ಮಾತ್ರ ಅನ್ನುತ್ತಿತ್ತು. ಅವರ ಹಗುರದ ಆಟಗಳ ಪಟ್ಟಿಯಲ್ಲಿ ಕ್ರಿಕೆಟ್ಟೂ ಇತ್ತು! ನಮ್ಮ ಏಪ್ರಿಲ್ ಬಿಸಿಲಲ್ಲಿ ಹತ್ತು ಓವರ್ ಫಾಸ್ಟ್ ಬೌಲಿಂಗ್ ಮಾಡಿದವರನ್ನು ಅವರು ಕೇಳಿರಲಿಲ್ಲ ಅನಿಸುತ್ತದೆ. ಆಗ ಹಾಗೆ ಬಿಗಿ ಮಾಡಿದ್ದು ಭಯದಿಂದ, ಅಂಕಿಅಂಶ ಕೈಯಲ್ಲಿದ್ದು ಅಲ್ಲ. ನಿಮ್ಮ ಡಾಕ್ಟರು ಹೇಳಿದ್ದು ಆ ಕಾಲದ ಪಾಠ. ಅವರನ್ನು ದೂರುವ ಹಾಗಿಲ್ಲ, ನಾವೆಲ್ಲ ಅದನ್ನೇ ಓದಿ ಬಂದವರು.

ಆಮೇಲೆ ಅಂಕಿಅಂಶ ಬಂದವು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಕಾಯಿಲೆ ಇರುವ 136 ಜನರಲ್ಲಿ ಅರ್ಧ ಜನರಿಗೆ 16 ವಾರ ಮಧ್ಯಮ ಮಟ್ಟದ ವ್ಯಾಯಾಮ ಮಾಡಿಸಿದರು. ಅವರ ವ್ಯಾಯಾಮದ ತಾಕತ್ತು ಸ್ವಲ್ಪ ಹೆಚ್ಚಿತು, ದೊಡ್ಡ ಅನಾಹುತ ಯಾರಿಗೂ ಆಗಲಿಲ್ಲ. 2023ರಲ್ಲಿ ಇನ್ನೂ ದೊಡ್ಡದು ಬಂತು. 8ರಿಂದ 60 ವರ್ಷದ 1,660 ಜನರನ್ನು ಸುಮಾರು ಮೂರು ವರ್ಷ ಗಮನಿಸಿದರು. ಇವರಲ್ಲಿ ಕಾಯಿಲೆ ಇದ್ದವರೇ ಜಾಸ್ತಿ, ಕಾಯಿಲೆ ತರುವ ಜೀನ್ ದೋಷ ಮಾತ್ರ ಇದ್ದು ಗೋಡೆ ಇನ್ನೂ ದಪ್ಪ ಆಗದವರೂ ಕೆಲವರಿದ್ದರು. ಜೋರಾಗಿ ಆಡುವವರಲ್ಲಿ ಸಾವು, ಹೃದಯ ನಿಲ್ಲುವುದು, ಪ್ರಜ್ಞೆ ತಪ್ಪುವುದು ಇತ್ಯಾದಿ ಸುಮ್ಮನೆ ಇರುವವರಿಗಿಂತ ಜಾಸ್ತಿ ಕಾಣಲಿಲ್ಲ. ಈ ಸುದ್ದಿ ಓದಿ ಕೆಲವರು ಆಟಕ್ಕೆ ಲೈಸೆನ್ಸ್ ಸಿಕ್ಕಿತು ಅಂದುಕೊಂಡರು. ನಾನು ಹಾಗೆ ಓದುವುದಿಲ್ಲ. ಅದರಲ್ಲಿದ್ದವರಲ್ಲಿ ಹೆಚ್ಚಿನವರು ದೊಡ್ಡ ಕೇಂದ್ರಗಳಲ್ಲಿ ತಪಾಸಣೆ ಆದವರು, ಔಷಧಿ ತೆಗೆದುಕೊಳ್ಳುವವರು, ಏನಾದರೂ ಆದರೆ ಓಡಿ ಬರುವ ಆಂಬುಲೆನ್ಸ್ ಇರುವ ಊರಿನವರು. ಆಟದ ಮಧ್ಯೆ ಕಣ್ಣು ಕತ್ತಲೆ ಬಂದು, ಇನ್ನೂ ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆ ಕೂಡ ಆಗದ ಹುಡುಗನಿಗೆ ಅದನ್ನು ಹಾಗೇ ಅನ್ವಯಿಸಲು ಬರುವುದಿಲ್ಲ. ಇದರಿಂದ ಇಷ್ಟು ಹೇಳಬಹುದು: ಸರಿಯಾಗಿ ತಪಾಸಣೆ ಆಗಿ ಅಪಾಯ ಕಡಿಮೆ ಅಂತ ಗೊತ್ತಾದವರಿಗೆ ಆಟದ ಬಾಗಿಲು ಮುಚ್ಚಬೇಕಾಗಿಲ್ಲ.

ನಿಮ್ಮ ಮಗನಿಗೆ ಬಾಕಿ ಇರುವ ಪರೀಕ್ಷೆಗಳನ್ನು ಹೇಳುತ್ತೇನೆ. ಇಸಿಜಿ. 24 ಅಥವಾ 48 ಗಂಟೆ ಎದೆಗೆ ಕಟ್ಟಿಕೊಂಡು ಓಡಾಡುವ ಹೋಲ್ಟರ್, ಬಡಿತ ಎಲ್ಲಾದರೂ ಸಾಲಾಗಿ ತಪ್ಪುತ್ತಿದೆಯಾ ನೋಡಲು. ಡಾಕ್ಟರು ಪಕ್ಕದಲ್ಲೇ ನಿಂತು ಮಾಡುವ ಟ್ರೆಡ್‌ಮಿಲ್, ಓಡುವಾಗ ಬಿಪಿ ಏರಬೇಕಾದಷ್ಟು ಏರುತ್ತಿದೆಯಾ ನೋಡಲು. ಹೃದಯದ ಎಂಆರ್‌ಐ, ಗಾಯದ ಕಲೆ ಎಷ್ಟಿದೆ ನೋಡಲು. ಎಕೋ ಕೂಡ ಇನ್ನೊಮ್ಮೆ ಬೇಕು, ಈ ಸಲ ಮುಕ್ಕರಿಸಿ ಉಸಿರು ಬಿಗಿಹಿಡಿಸಿ, ಎದ್ದು ನಿಲ್ಲಿಸಿ ನೋಡಬೇಕು. ಮಲಗಿದ್ದಾಗ ರಕ್ತ ಹೊರಹೋಗುವ ದಾರಿ ಸಲೀಸಾಗಿದ್ದು, ಮುಕ್ಕರಿಸಿದಾಗ ಮಾತ್ರ ಅಡ್ಡ ಬರುವವರು ಬಹಳ ಜನ. ಇಸಿಜಿ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಉಳಿದಿದ್ದಕ್ಕೆ ಬೆಂಗಳೂರಿನ ಜಯದೇವದಂಥ ಕಡೆಗೆ ಒಂದು ಸಲ ಹೋಗಿ ಬನ್ನಿ. ಇವೆಲ್ಲ ಒಟ್ಟಿಗೆ ನೋಡಿ ಅಪಾಯ ಜಾಸ್ತಿ ಅನಿಸಿದರೆ ಐಸಿಡಿ ಅನ್ನುವ ಪುಟ್ಟ ಯಂತ್ರ ಹಾಕುವ ಮಾತು ಬರುತ್ತದೆ. ಹೃದಯ ನಡುಗತೊಡಗಿದರೆ ಅದು ಒಳಗಿನಿಂದಲೇ ಶಾಕ್ ಕೊಟ್ಟು ಸರಿ ಮಾಡುತ್ತದೆ. ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ 2021ರ ಯೂರೋ ಕಪ್‌ನಲ್ಲಿ ಮೈದಾನದಲ್ಲೇ ಕುಸಿದಿದ್ದು ಟಿವಿಯಲ್ಲಿ ನಿಮ್ಮ ಮಗನೂ ನೋಡಿರಬಹುದು. ಅವರು ಇದೇ ಯಂತ್ರ ಹಾಕಿಸಿಕೊಂಡು ಮರುವರ್ಷವೇ ಇಂಗ್ಲೆಂಡಿನಲ್ಲಿ ಆಡಿದರು, ವಿಶ್ವಕಪ್ಪೂ ಆಡಿದರು. ಕುಸಿದಾಗ ಅವರು ಆಡುತ್ತಿದ್ದ ಇಟಲಿಯ ಲೀಗ್ ಮಾತ್ರ ಯಂತ್ರ ಇದ್ದವರಿಗೆ ಆಡಲು ಬಿಡಲಿಲ್ಲ. ಒಂದೇ ಎದೆ, ಎರಡು ದೇಶ, ಎರಡು ತೀರ್ಪು. ತಜ್ಞರಲ್ಲೇ ಒಮ್ಮತ ಇಲ್ಲದ ಜಾಗ ಇದು, ನಿಮಗೆ ಇಬ್ಬರು ಡಾಕ್ಟರು ಎರಡು ಮಾತು ಹೇಳಿದರೆ ಗಾಬರಿಯಾಗಬೇಡಿ.

ಕಬಡ್ಡಿ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಪರೀಕ್ಷೆಯೆಲ್ಲ ಚೆನ್ನಾಗಿ ಬಂದರೂ ನಾನು ಹಿಂಜರಿಯುವ ಆಟ ಅದು. ರೈಡರ್ ನಿಂತಿದ್ದವನು ದಿಢೀರನೆ ನುಗ್ಗುತ್ತಾನೆ, ಒಂದೇ ಉಸಿರಲ್ಲಿ ಆಡುತ್ತಾನೆ. ನಾಲ್ಕು ಜನ ಹಿಡಿದಾಗ ಉಸಿರು ಬಿಗಿಹಿಡಿದು ಗೆರೆಯ ಕಡೆ ಎಳೆದಾಡುತ್ತಾನೆ. ಹೀಗೆ ಮುಕ್ಕರಿಸಿದಾಗ ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆ ಆಗುತ್ತದೆ. ಗೋಡೆ ದಪ್ಪ ಇರುವವರಲ್ಲಿ ಆಗಲೇ ಹೊರದಾರಿಗೆ ಅಡ್ಡ ಬರುವುದು. ಐಸಿಡಿ ಹಾಕಿದ್ದರೆ ಎದೆಗೆ ಬೀಳುವ ಮೊಣಕೈ, ಮೊಣಕಾಲಿನ ಏಟು ಇನ್ನೊಂದು ಚಿಂತೆ. ಓಟ, ಸೈಕಲ್, ಬ್ಯಾಡ್ಮಿಂಟನ್, ವಾಲಿಬಾಲ್ ಇವುಗಳ ಬಗ್ಗೆ ಮಾತಾಡುವುದು ಇದಕ್ಕಿಂತ ಸುಲಭ. ಇದು ನನ್ನ ಒಲವು ಅಷ್ಟೇ. ಅವನನ್ನು ಮುಂದೆ ಕೂರಿಸಿಕೊಂಡು ನೋಡುವ ಡಾಕ್ಟರು ಬೇರೆ ಹೇಳಬಹುದು.

ಕೂತು ಆಡುವ ಆಟ ಅಂತ ಶೂಟಿಂಗ್‌ಗೋ ಬಿಲ್ಲುಗಾರಿಕೆಗೋ ಸೇರಿಸೋಣ ಅಂತ ಕೆಲವು ಪೋಷಕರು ಕೇಳುತ್ತಾರೆ. ಇದರಲ್ಲೊಂದು ತಮಾಷೆ ಇದೆ. ಈ ಕಾಯಿಲೆಗೆ ನಾವು ಸಾಮಾನ್ಯವಾಗಿ ಕೊಡುವ ಬೀಟಾ ಬ್ಲಾಕರ್ ಅನ್ನುವ, ಬಡಿತದ ವೇಗ ತಗ್ಗಿಸುವ ಮಾತ್ರೆ ಕೈ ನಡುಕ ಕಡಿಮೆ ಮಾಡುತ್ತದೆ, ಅದಕ್ಕೇ ಆ ಎರಡೂ ಆಟಗಳ ಸ್ಪರ್ಧೆಯಲ್ಲಿ ಅದು ನಿಷೇಧಿತ ಔಷಧಿ. ಹವ್ಯಾಸಕ್ಕೆ ಆಡಿದರೆ ಸರಿ. ಅಂದ ಹಾಗೆ, ಆ ಮಾತ್ರೆ ಶುರುವಾದರೆ ಮೊದಮೊದಲು ಸುಸ್ತು ಅನಿಸುತ್ತದೆ. ಅದಕ್ಕೆ ಹುಡುಗರು ಕದ್ದು ಬಿಟ್ಟುಬಿಡುತ್ತಾರೆ. ಹಾಗೆ ಒಮ್ಮೆಲೇ ಬಿಡಬಾರದು.

ಒಂದು ಮಾತು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಆಟ ನಿಲ್ಲಿಸಿದೆವು ಅಂತ ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಅದೇ ಹುಡುಗ ಟೊಮೆಟೊ ಸೀಸನ್ನಿನಲ್ಲಿ ಬೆಳಗಿನ ಜಾವ ಎದ್ದು 15 ಕೆ.ಜಿ. ಬಾಕ್ಸ್‌ಗಳನ್ನು ಒಂದರ ಹಿಂದೊಂದು ಗಾಡಿಗೆ ಎತ್ತಿ ಹಾಕಿ ಮಂಡಿಗೆ ಕಳಿಸುತ್ತಾನೆ. ಅದು ಕಬಡ್ಡಿಗಿಂತ ಹಗುರ ಅಂತ ನನಗಂತೂ ಅನಿಸುವುದಿಲ್ಲ. ಹೃದಯಕ್ಕೆ ಆಟ ಯಾವುದು, ಕೂಲಿ ಯಾವುದು ಗೊತ್ತಾಗುವುದಿಲ್ಲ. ನಿಮ್ಮ ತಮ್ಮ ಕುಸಿದಿದ್ದೂ ತೋಟದಲ್ಲೇ ಅಲ್ವಾ? ಪರೀಕ್ಷೆ ಮುಗಿಯುವವರೆಗೆ ಭಾರ ಎತ್ತುವುದು, ಬಾವಿಯಲ್ಲಿ ಈಜುವುದು, ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವುದು ಬೇಡ. ಮೈಯಲ್ಲಿ ನೀರು ಕಡಿಮೆ ಆದರೆ ಈ ಕಾಯಿಲೆಯವರಿಗೆ ತೊಂದರೆ ಹೆಚ್ಚು. ಎನರ್ಜಿ ಡ್ರಿಂಕ್, ಜಿಮ್‌ನಲ್ಲಿ ಮಾರುವ ಪುಡಿಗಳು ಯಾವತ್ತೂ ಬೇಡ.

ಹಾಗಂತ ಮಂಚದ ಮೇಲೆ ಮಲಗಿಸಬೇಡಿ. ಸಮತಟ್ಟಾದ ದಾರಿಯಲ್ಲಿ, ಗೆಳೆಯನ ಜೊತೆ ಮಾತಾಡಿಕೊಂಡು ನಡೆಯಲು ಆಗುವಷ್ಟು ವೇಗದಲ್ಲಿ ದಿನಾ ನಡೆಯಲಿ. ಎದೆ ನೋವು, ತಲೆಸುತ್ತು, ಡವಡವ ಬಂದರೆ ಕೂತುಕೊಳ್ಳಲಿ, ಡಾಕ್ಟರಿಗೆ ಹೇಳಲಿ. ಪೂರ್ತಿ ಕಟ್ಟಿಹಾಕಿದ ಹುಡುಗನಿಗೆ ತೂಕ ಏರುತ್ತದೆ, ಬಿಪಿ ಬರುತ್ತದೆ, ಮನಸ್ಸು ಕುಗ್ಗುತ್ತದೆ. ಅದಕ್ಕಿಂತ ನನಗೆ ಭಯ ಇನ್ನೊಂದು. ಅವನು ಪಕ್ಕದೂರಿಗೆ ಹೋಗಿ ಬೇರೆ ಟೀಮಿನಲ್ಲಿ ಗುಟ್ಟಾಗಿ ಆಡುತ್ತಾನೆ. ಎಲ್ಲರಿಗೂ ಗೊತ್ತಿದ್ದು ಆಡುವ ಹುಡುಗನಿಗಿಂತ ಯಾರಿಗೂ ಗೊತ್ತಿಲ್ಲದೆ ಆಡುವವನ ಅಪಾಯ ದೊಡ್ಡದು. ಅದಕ್ಕೇ ಡಾಕ್ಟರ ಹತ್ತಿರ ಹೋದಾಗ ಪ್ರಶ್ನೆ ಅವನೇ ಕೇಳಲಿ, ನೀವು ಹೊರಗೆ ಕೂತರೂ ಪರವಾಗಿಲ್ಲ. ಕಾಲೇಜಿನ ಪಿ.ಟಿ. ಮೇಷ್ಟ್ರಿಗೆ ವಿಷಯ ತಿಳಿಸಿ. ಸ್ಟೆತಸ್ಕೋಪ್ ಕೂಡ ಇಡದೆ ಬರೆದುಕೊಡುವ ಫಿಟ್‌ನೆಸ್ ಸರ್ಟಿಫಿಕೇಟ್ ತಂದು ಕೊಡಬೇಡಿ.

ಪೊಲೀಸ್ ಕೆಲಸದ ಬಗ್ಗೆ ಸುಳ್ಳು ಭರವಸೆ ಕೊಡುವುದಿಲ್ಲ. ಆಯ್ಕೆಯ 1,600 ಮೀಟರ್ ಓಟ ಗಡಿಯಾರಕ್ಕೆ ಎದುರಾಗಿ ಓಡುವಂಥದ್ದು. ಅಲ್ಲಿ ಯಾರೂ ಉಸಿರು ನೋಡಿಕೊಂಡು ನಿಧಾನ ಮಾಡುವುದಿಲ್ಲ. ಅದಾದ ಮೇಲೆ ವೈದ್ಯಕೀಯ ತಪಾಸಣೆಯಲ್ಲಿ ಈ ಕಾಯಿಲೆ ಇಟ್ಟುಕೊಂಡು ಪಾಸಾಗುವುದು ಕಷ್ಟ. ಮುಚ್ಚಿಟ್ಟು ಓಡಿಸಲು ಹೋಗಬೇಡಿ. 17ರಲ್ಲೇ ಗೊತ್ತಾಗಿದ್ದು ಒಂದು ರೀತಿ ಒಳ್ಳೆಯದು, ಬೇರೆ ಪರೀಕ್ಷೆಗಳಿಗೆ ಓದಲು ಸಮಯ ಇದೆ.

ಈಗ ಮನೆಯ ಉಳಿದವರು. ಈ ಕಾಯಿಲೆ ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಸಾಕು, ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮ ತಮ್ಮನಿಗೂ ಇತ್ತು, ಮಗನಿಗೂ ಇದೆ ಅಂದರೆ ನಡುವೆ ಇರುವವರು ಯಾರು? ನೀವು. ಪತ್ರದ ತುಂಬಾ ಮಕ್ಕಳ ಬಗ್ಗೆ ಬರೆದಿದ್ದೀರಿ, ನಿಮ್ಮ ಎಕೋ ಬಗ್ಗೆ ಒಂದು ಸಾಲೂ ಇಲ್ಲ. ಮೊದಲು ನೀವು ಮಾಡಿಸಿಕೊಳ್ಳಬೇಕು. ಸಂಬಂಧದಲ್ಲಿ ಮದುವೆ ಆಗಿರುವುದರಿಂದ ನಿಮ್ಮ ಯಜಮಾನರದ್ದೂ ಅದೇ ಮನೆತನದ ರಕ್ತ, ಅವರೂ ಮಾಡಿಸಲಿ. ನಿಮ್ಮ ಬೇರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ತೀರಿಕೊಂಡ ತಮ್ಮನಿಗೆ ಮಕ್ಕಳಿದ್ದರೆ ಅವರೂ. ಇಸಿಜಿ ಮತ್ತು ಎಕೋ ಎರಡೂ ಬೇಕು.

ಸಂಬಂಧದ ಮದುವೆಯಿಂದಲೇ ಹೀಗಾಯ್ತಾ ಅಂದರೆ, ಇಲ್ಲ. ಹೊರಗಿನಿಂದ ಸೊಸೆ ತಂದಿದ್ದರೂ, ಅಳಿಯನನ್ನು ತಂದಿದ್ದರೂ ಈ ಕಾಯಿಲೆ ಬರುತ್ತಿತ್ತು. ಯಾರೂ ಯಾರನ್ನೂ ದೂರಬೇಕಾಗಿಲ್ಲ. ಆದರೆ ಇಬ್ಬರಲ್ಲೂ ಅದೇ ದೋಷ ಇದ್ದು ಮಗುವಿಗೆ ಎರಡೂ ಕಡೆಯಿಂದ ಬಂದರೆ ಕಾಯಿಲೆ ತೀರಾ ಚಿಕ್ಕಂದಿನಲ್ಲೇ, ತೀರಾ ಜೋರಾಗಿ ಬರುತ್ತದೆ. ಮುಂದೆ ಮಗಳನ್ನು ಮಾವನಿಗೋ ಅತ್ತೆ ಮಗನಿಗೋ ಕೊಡುವ ಮಾತು ಬಂದರೆ ಮಾತ್ರ ಇದನ್ನು ನೆನಪಿಟ್ಟುಕೊಳ್ಳಿ. ಸಂಬಂಧದ ಮದುವೆಯಿಂದ ನೇರವಾಗಿ ಬರುವ ಹೃದಯದ ಕಾಯಿಲೆಯೂ ಇದೆ. ಹುಟ್ಟಿನಿಂದ ಕಿವಿ ಕೇಳದ ಮಗು ಓಡುವಾಗ, ಹೆದರಿದಾಗ ಪ್ರಜ್ಞೆ ತಪ್ಪಿ ಬೀಳುತ್ತಿದ್ದರೆ ಫಿಟ್ಸ್ ಅಂತ ಸುಮ್ಮನಾಗದೆ ಇಸಿಜಿ ತೆಗೆಸಿ. ಲಾಂಗ್ ಕ್ಯೂಟಿ ಅನ್ನುವ, ಹೃದಯದ ಕರೆಂಟಿನ ಕಾಯಿಲೆಯ ಒಂದು ರೂಪ ಹೀಗೇ ಇರುತ್ತದೆ.

ಚಿಕ್ಕವಳ ಖೋ ಖೋ ಒಂದೆರಡು ವಾರ ನಿಲ್ಲಲಿ, ಅಷ್ಟರೊಳಗೆ ಇಸಿಜಿ, ಎಕೋ ಮಾಡಿಸಿ. ಎರಡೂ ಚೆನ್ನಾಗಿದ್ದರೆ, ತಲೆಸುತ್ತು ಗಿಲೆಸುತ್ತು ಇಲ್ಲದಿದ್ದರೆ ಆರಾಮಾಗಿ ಆಡಲಿ. ಆದರೆ ಒಂದು ಸಲ ನೋಡಿ ಮರೆಯುವ ಹಾಗಿಲ್ಲ. ಗೋಡೆ ದಪ್ಪ ಆಗುವುದು ಹೆಚ್ಚಾಗಿ ಹರೆಯದಲ್ಲಿ. ಅವಳಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ನಿಮ್ಮಂಥ ದೊಡ್ಡವರಿಗೆ 3–5 ವರ್ಷಕ್ಕೊಮ್ಮೆ ಮತ್ತೆ ಬೇಕು. ಜೀನ್ ಪರೀಕ್ಷೆ ಮಾಡಿಸುವುದಾದರೆ ಮೊದಲು ಮಗನಿಗೆ ಮಾಡಿಸಿ. ಅವನಲ್ಲಿ ದೋಷ ಸಿಕ್ಕಿ, ಮಗಳಲ್ಲಿ ಅದು ಇಲ್ಲ ಅಂದರೆ ಅವಳು ಈ ಓಡಾಟದಿಂದಲೇ ಪಾರು. ಎಲ್ಲರಲ್ಲೂ ಸಿಗುತ್ತದೆ ಅಂತ ಇಲ್ಲ. ರಿಪೋರ್ಟಿನಲ್ಲಿ ಎಂವೈಬಿಪಿಸಿ3 ಜೀನಿನ 25 ಅಕ್ಷರ ಬಿಟ್ಟುಹೋಗಿದೆ ಅಂತ ಬಂದರೆ ಅಷ್ಟಕ್ಕೇ ಕಂಗಾಲಾಗಬೇಡಿ. ಹೈದರಾಬಾದಿನ ಸಿಸಿಎಂಬಿ ಅನ್ನುವ ಸಂಶೋಧನಾ ಸಂಸ್ಥೆಯವರೂ ಸೇರಿ 2009ರಲ್ಲಿ ತೋರಿಸಿದ ಹಾಗೆ, ನಮ್ಮ ಉಪಖಂಡದಲ್ಲಿ 100ಕ್ಕೆ ಸುಮಾರು 4 ಜನರಲ್ಲಿ ಅದಿದೆ. ಹೃದಯದ ತೊಂದರೆಗೆ ಅದಕ್ಕೂ ನಂಟಿದೆ, ಆದರೆ ಅದನ್ನು ಹೊತ್ತು ಆರಾಮಾಗಿರುವವರೂ ಬಹಳ. ಅಂಥ ರಿಪೋರ್ಟನ್ನು ಜೆನೆಟಿಕ್ಸ್ ತಿಳಿದವರಿಗೆ ತೋರಿಸಿಯೇ ಮುಂದುವರಿಯಿರಿ.

ಬೇರೆ ಓದುಗರಿಗೆ ಒಂದು ಎಚ್ಚರಿಕೆ. ಇಲ್ಲಿ ಹೇಳಿದ್ದನ್ನು ನಿಮ್ಮ ಮನೆಯ ಇನ್ನೊಂದು ಕಾಯಿಲೆಗೆ ಹಾಕಿ ನೋಡಬೇಡಿ. ವಂಶದ ಹೃದಯದ ಕಾಯಿಲೆ ಅಂದರೆ ಹತ್ತಾರು. ಹೃದಯದ ಸ್ನಾಯು, ಹೆಚ್ಚಾಗಿ ಬಲಭಾಗದ್ದು, ಹಾಳಾಗುತ್ತಾ ಹೋಗುವ ಎಆರ್‌ವಿಸಿ ಅನ್ನುವುದರಲ್ಲಿ ದೂರದ ಓಟ, ಜೋರಾದ ತಾಲೀಮು ಕಾಯಿಲೆಯನ್ನೇ ಬೆಳೆಸುತ್ತದೆ. ಅಲ್ಲಿ ನಾನು ಇಷ್ಟು ಮೃದುವಾಗಿ ಮಾತಾಡುವುದಿಲ್ಲ, ಬಿಡಿಸುತ್ತೇನೆ. ಲಾಂಗ್ ಕ್ಯೂಟಿಯ ಒಂದು ಬಗೆಯಲ್ಲಿ ಈಜು ವಿಶೇಷ ಅಪಾಯ. ಚೆನ್ನಾಗಿ ಈಜು ಬರುವ ಹುಡುಗ ಕೆರೆಯಲ್ಲಿ ಕಾರಣ ಇಲ್ಲದೆ ಮುಳುಗಿದ ಅಂದರೆ ಉಳಿದ ಮಕ್ಕಳ ಇಸಿಜಿ ನೋಡಬೇಕು. ಇನ್ನೊಂದು ಬಗೆಯಲ್ಲಿ ಅಲಾರಾಂ ಶಬ್ದಕ್ಕೆ ಬೆಚ್ಚಿದರೂ ಬಡಿತ ತಪ್ಪುತ್ತದೆ. ಓಟ, ಉದ್ವೇಗದಲ್ಲಿ ಬಡಿತ ದಾರಿ ತಪ್ಪುವ ಸಿಪಿವಿಟಿ ಅನ್ನುವ ಕಾಯಿಲೆ ಇರುವ ಮಗುವಿನ ಇಸಿಜಿ ಮಲಗಿದ್ದಾಗ ಪೂರ್ತಿ ಸರಿ ಇರುತ್ತದೆ, ಓಡಿಸಿದಾಗಲೇ ಗೊತ್ತಾಗುವುದು. ಬ್ರುಗಾಡಾ ಅನ್ನುವ ಇನ್ನೊಂದು ಬಡಿತದ ಕಾಯಿಲೆಯಲ್ಲಿ ಆಟಕ್ಕಿಂತ ಜ್ವರಕ್ಕೆ ಹೆದರಬೇಕು. ಅದಕ್ಕೇ ಕಾಯಿಲೆಯ ಪೂರ್ತಿ ಹೆಸರು ಬರೆಸಿಕೊಳ್ಳದೆ ಡಾಕ್ಟರ ಕೋಣೆಯಿಂದ ಎದ್ದು ಬರಬೇಡಿ. "ಹಾರ್ಟ್ ವೀಕು" ಅನ್ನುವುದು ಕಾಯಿಲೆಯ ಹೆಸರಲ್ಲ.

ಇನ್ನು ಮೈದಾನ. ಯಾರಾದರೂ ಯಾರೂ ಮುಟ್ಟದೆ, ಏಟು ಬೀಳದೆ ಕುಸಿದರೆ ಮೊದಲು ಅನುಮಾನ ಹೃದಯದ ಮೇಲೆ ಇರಲಿ. ಕೂಗಿದರೆ ಮಾತಿಲ್ಲ, ಉಸಿರಿಲ್ಲ ಅಥವಾ ಬಾಯಿ ಬಿಟ್ಟು ಬಿಟ್ಟು ತೇಕುತ್ತಿದ್ದಾನೆ ಅಂದರೆ ಹೃದಯ ನಿಂತಿದೆ. ತೇಕುವುದನ್ನು ಉಸಿರಾಟ ಅಂದುಕೊಂಡು ಜನ ಸುತ್ತ ನಿಂತು ಗಾಳಿ ಬೀಸುತ್ತಾರೆ, ಬಾಯಿಗೆ ನೀರು ಹಾಕುತ್ತಾರೆ. ಕೈಕಾಲು ಅದುರಿದರೆ ಫಿಟ್ಸ್ ಅಂತ ಕಬ್ಬಿಣ ಹಿಡಿಸುತ್ತಾರೆ. ಬೇಡ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಕೈ ಇಟ್ಟು ಸುಮಾರು 5 ಸೆಂ.ಮೀ. ಇಳಿಯುವ ಹಾಗೆ, ನಿಮಿಷಕ್ಕೆ 100ರಿಂದ 120 ಸಲ, ನಿಲ್ಲಿಸದೆ ಒತ್ತಲಿ. ಸುಸ್ತಾದರೆ ಮತ್ತೊಬ್ಬರು ಹಿಡಿಯಲಿ. ಒತ್ತುವವರು ಯಾರೂ ಇಲ್ಲದಿದ್ದರೆ ಕಳೆದುಹೋಗುವ ಒಂದೊಂದು ನಿಮಿಷಕ್ಕೆ ಬದುಕುವ ಸಾಧ್ಯತೆ 100ಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಶಾಕ್ ಕೊಡುವ ಎಇಡಿ ಯಂತ್ರ ಸಿಕ್ಕರೆ ತಕ್ಷಣ ಹಚ್ಚಬೇಕು. ಅದೇ ಮಾತಾಡಿ ಏನು ಮಾಡಬೇಕು ಹೇಳುತ್ತದೆ. ಊರಹಬ್ಬದ ಕಬಡ್ಡಿ ಟೂರ್ನಿಗೆ ಶಾಮಿಯಾನ, ಫ್ಲಡ್‌ಲೈಟ್, ಮೈಕ್ ಸೆಟ್ಟಿಗೆ ಕೊಡುವ ದುಡ್ಡಿನ ಜೊತೆಗೆ ಹತ್ತಿರದ ಆಸ್ಪತ್ರೆಯವರನ್ನು ಕರೆಸಿ ನಾಲ್ಕು ಹುಡುಗರಿಗೆ ಇಷ್ಟು ಕಲಿಸುವುದು ದೊಡ್ಡ ಖರ್ಚಲ್ಲ. ನಿಮ್ಮ ಮನೆಯಲ್ಲಂತೂ ಎಲ್ಲರೂ ಕಲಿಯಿರಿ, ಚಿಕ್ಕವಳೂ.

ಬೆಂಗಳೂರಿಗೆ ಹೋಗುವಾಗ ಎಕೋದ ಬರೀ ರಿಪೋರ್ಟ್ ಹಾಳೆ ಸಾಲದು, ಸಿಡಿ ಅಥವಾ ವಿಡಿಯೋ ಕೊಟ್ಟಿದ್ದರೆ ಅದನ್ನೂ ಒಯ್ಯಿರಿ. ತಮ್ಮನದು ಯಾವುದಾದರೂ ಹಳೆಯ ಇಸಿಜಿ ಮನೆಯಲ್ಲಿದೆಯಾ ಹುಡುಕಿ. ಒಂದು ಹಾಳೆಯಲ್ಲಿ ಅಜ್ಜ ಅಜ್ಜಿಯಿಂದ ಹಿಡಿದು ಮನೆತನದಲ್ಲಿ ಯಾರು ಯಾವ ವಯಸ್ಸಿಗೆ, ಏನು ಮಾಡುತ್ತಿದ್ದಾಗ ತೀರಿಕೊಂಡರು ಅಂತ ಬರೆದಿಟ್ಟುಕೊಳ್ಳಿ. ನಿಮ್ಮ ಅತ್ತೆ ಮನೆಯ ಕಡೆಯದ್ದೂ ಸೇರಿಸಿ. ಮಗನ ಹೋಲ್ಟರ್ ಮತ್ತು ಎಂಆರ್‌ಐ ಬಂದ ಮೇಲೆ, ನಿಮ್ಮ ಎಕೋ ಆದ ಮೇಲೆ ಇನ್ನೊಮ್ಮೆ ಬರೆಯಿರಿ.